ಅಟ್ಟದ ಟ್ರಂಕಿನಿಂದ ಗ್ರಂಥಾಲಯದ ಕಪಾಟಿನವರೆಗೆ: ಮನೆಯ ಹಳೆ ಕಾಗದ, ಕಡತ, ತಾಳೆಗರಿಗಳನ್ನು ಏನು ಮಾಡಬೇಕು?

"ಊರಿನ ಮನೆ ಕೆಡವುತ್ತಿದ್ದೇವೆ, ಅಟ್ಟದಲ್ಲಿ ಒಂದು ಟ್ರಂಕು ಸಿಕ್ಕಿದೆ, ತುಂಬ ಹಳೆಯ ಕಾಗದಗಳು, ಏನು ಮಾಡೋದು?" ವರ್ಷಕ್ಕೆ ಮೂರ್ನಾಲ್ಕು ಜನ ನನ್ನನ್ನು ಹೀಗೆ ಕೇಳುತ್ತಾರೆ. ನಾನು ಪಂಡಿತನೇನಲ್ಲ. ನಮ್ಮ ಮನೆಯ ಟ್ರಂಕನ್ನು ಎರಡು ವರ್ಷ ತಿಣುಕಾಡಿ ಒಂದು ಸಂಶೋಧನಾ ಗ್ರಂಥಾಲಯಕ್ಕೆ ಮುಟ್ಟಿಸಿದವನು, ಅಷ್ಟೇ. ಅದರಲ್ಲಿ ಸುಮಾರು ನಾನೂರು ಪತ್ರ, ಮೂರು ಕಡತ, ಎರಡು ಕಟ್ಟು ತಾಳೆಗರಿ ಇದ್ದವು. ಆ ಎರಡು ವರ್ಷದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದ್ದೇನೆ, ಹಾಗಾಗಿ ಏನು ಮಾಡಬಾರದು ಅನ್ನೋದು ಚೆನ್ನಾಗಿ ಗೊತ್ತು.

ಮೊದಲ ಹೆಜ್ಜೆ: ಇವತ್ತು ಏನೂ ಮಾಡಬೇಡಿ

ನಿಜವಾಗಿಯೂ. ಟ್ರಂಕು ತೆಗೆದ ಉತ್ಸಾಹದಲ್ಲಿ ಮೊದಲ ಒಂದು ಗಂಟೆಯಲ್ಲಿ ಆಗುವ ಹಾನಿ ನೂರು ವರ್ಷದಲ್ಲಿ ಗೆದ್ದಲಿನಿಂದಲೂ ಆಗಿರುವುದಿಲ್ಲ.

ಬಿಸಿಲಿಗೆ ಹರಡಬೇಡಿ. ಹಪ್ಪಳ ಸಂಡಿಗೆಗೆ ಬಿಸಿಲು ಒಳ್ಳೆಯದು, ಕಾಗದಕ್ಕಲ್ಲ. ಶಾಯಿ ಮಾಸುತ್ತದೆ, ಕಾಗದ ಗರಿಗರಿಯಾಗಿ ಮುಟ್ಟಿದರೆ ಮುರಿಯುತ್ತದೆ, ತಾಳೆಗರಿ ಡೊಂಕಾಗುತ್ತದೆ. ಹಸಿ ಇದ್ದರೆ ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ, ಅದೂ ಫ್ಯಾನನ್ನು ನೇರವಾಗಿ ಅದರ ಮೇಲೆ ತಿರುಗಿಸದೆ ಆರಲು ಬಿಡಿ.

ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕಡತದ ವಿಷಯದಲ್ಲಂತೂ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಕಡತ ಅಂದರೆ ಕಚೇರಿಯ ಫೈಲಲ್ಲ, ಹಳೆಯ ಕಾಲದ ಕಪ್ಪು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಹಾರ್ಮೋನಿಯಂನ ತಿದಿಯ ಹಾಗೆ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿ ಲೆಕ್ಕ, ಮಠದ ಲೆಕ್ಕ, ಸಾಲದ ಲೆಕ್ಕ ಎಲ್ಲ ಇದರಲ್ಲೇ. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು, ಅದೇ ಅದರ ಅನುಕೂಲ. ಅಂದರೆ ಇನ್ನೂರು ವರ್ಷ ಉಳಿದ ಬರಹವನ್ನು ನಿಮ್ಮ ಮನೆಯ ನೆಲ ಒರೆಸುವ ಬಟ್ಟೆ ಎರಡು ನಿಮಿಷದಲ್ಲಿ ತೆಗೆದುಬಿಡಬಹುದು. ನಮ್ಮ ಮೂರು ಕಡತಗಳಲ್ಲಿ ಒಂದರ ಮೊದಲ ನಾಲ್ಕು ಮಡಿಕೆ ಹಾಗೇ ಹೋಯಿತು. "ಎಷ್ಟು ಧೂಳು ನೋಡು" ಅಂತ ಯಾರೋ ಪ್ರೀತಿಯಿಂದ ಒರೆಸಿದ್ದು.

ಸೆಲ್ಲೋಟೇಪು ಬೇಡ. ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಟೇಪು ಕಿತ್ತುಬರುತ್ತದೆ, ಕಲೆ ಹೋಗುವುದಿಲ್ಲ. ಸ್ಟೇಪ್ಲರ್ ಪಿನ್ನು, ಗುಂಡುಸೂಜಿ, ರಬ್ಬರ್ ಬ್ಯಾಂಡು, ಫೆವಿಕಾಲು ಯಾವುದೂ ಬೇಡ. ಇದೆಲ್ಲಕ್ಕಿಂತ ದೊಡ್ಡದು ಲ್ಯಾಮಿನೇಶನ್. ನಮ್ಮ ತಾತನ ಕೈಬರಹದ ಎಂಟು ಪತ್ರಗಳನ್ನು ನಾನೇ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟು ಲ್ಯಾಮಿನೇಟ್ ಮಾಡಿಸಿದೆ, ಎಂಥ ಜಾಣ ಅಂದುಕೊಂಡು. ಬಿಸಿಗೆ ಎರಡು ಪತ್ರದ ಶಾಯಿ ಹರಡಿತು. ಉಳಿದ ಆರನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸುವ ದಾರಿಯೇ ಇಲ್ಲ ಅಂತ ಆಮೇಲೆ ಗ್ರಂಥಾಲಯದವರು ಹೇಳಿದರು. ಆ ಎಂಟೂ ಈಗ ನನ್ನ ಹತ್ತಿರವೇ ಇವೆ, ಶಿಕ್ಷೆಯ ಹಾಗೆ.

ಇನ್ನೊಂದು ಮಾತು, ಸ್ವಲ್ಪ ಸೂಕ್ಷ್ಮ. ತಾಳೆಗರಿ ಇರುವ ಮನೆಗಳಲ್ಲಿ ನವರಾತ್ರಿಗೆ ಅದನ್ನು ಸರಸ್ವತಿ ಪೂಜೆಗೆ ಇಡುವ ಪದ್ಧತಿ ಇದೆ. ಇಡಿ, ಆದರೆ ಕುಂಕುಮ, ಅರಿಶಿನ, ಹೂವು, ಎಣ್ಣೆ ಎಲ್ಲ ಪೆಟ್ಟಿಗೆಯ ಮೇಲೆ ಬೀಳಲಿ, ಗರಿಯ ಮೇಲಲ್ಲ. ಜೀರ್ಣವಾದ ಗ್ರಂಥವನ್ನು ಹೊಳೆಗೆ ಬಿಡುವ ಪದ್ಧತಿಯೂ ಕೆಲವು ಕಡೆ ಇದೆ. ಹಿರಿಯರ ಹತ್ತಿರ ವಾದಕ್ಕೆ ಇಳಿಯಬೇಡಿ. "ಫೋಟೋ ತೆಗೆದುಕೊಂಡು ಆಮೇಲೆ ನೋಡೋಣ" ಅನ್ನಿ. ಆಮೇಲೆ ಅನ್ನೋದು ಸಾಮಾನ್ಯವಾಗಿ ಬರುವುದಿಲ್ಲ.

ಕಟ್ಟು ಬಿಚ್ಚುವ ಮೊದಲು ಫೋಟೋ

ಟ್ರಂಕು ತೆಗೆದ ತಕ್ಷಣ ಮೇಲಿನಿಂದ ಒಂದು ಫೋಟೋ. ಒಂದು ಕಟ್ಟು ಎತ್ತಿದಿರಾ, ಅದರ ಕೆಳಗೆ ಏನಿತ್ತು ಅಂತ ಇನ್ನೊಂದು. ಕಟ್ಟಿಗೆ ಯಾವ ದಾರ, ಯಾವ ಬಟ್ಟೆ, ಮೇಲೆ ಏನಾದರೂ ಬರೆದಿದೆಯಾ, ಎಲ್ಲ.

ಇದು ಅತಿಯಾಯಿತು ಅನ್ನಿಸಬಹುದು. ಆದರೆ ಯಾವ ಪತ್ರ ಯಾವುದರ ಪಕ್ಕದಲ್ಲಿತ್ತು ಅನ್ನೋದೇ ಅರ್ಧ ಕಥೆ. ನಮ್ಮಜ್ಜಿ ತನ್ನ ತಂಗಿಯ ಪತ್ರಗಳನ್ನೆಲ್ಲ ಹಳೆ ಸೀರೆಯ ಅಂಚಿನಲ್ಲಿ ಕಟ್ಟಿ ಇಟ್ಟಿದ್ದಳು. ನಡುವೆ ಒಂದು ಡಾಕ್ಟರ ಚೀಟಿ, ಒಂದು ರೈಲು ಟಿಕೆಟು. ನನ್ನ ಚಿಕ್ಕಪ್ಪನ ಮಗ ಬಂದವನೇ "ವಿಂಗಡಿಸೋಣ" ಅಂತ ಕೂತು ಬರೆದವರ ಹೆಸರಿನ ಪ್ರಕಾರ ರಾಶಿ ಹಾಕಿಬಿಟ್ಟ, ಡಾಕ್ಟರ ಚೀಟಿ ಇತರೆ ರಾಶಿಗೆ ಹೋಯಿತು. ಆ ಚೀಟಿ ಯಾಕೆ ಆ ಎರಡು ಪತ್ರಗಳ ನಡುವೆ ಇತ್ತು ಅಂತ ತಿಳಿದದ್ದು ಮೊದಲ ದಿನದ ಫೋಟೋ ನೋಡಿದ ಮೇಲೆ. ಒಂದು ಪತ್ರದಲ್ಲಿ ತಂಗಿ "ಆ ಮಾತ್ರೆ ಹೆಸರು ಕಳಿಸು" ಅಂತ ಕೇಳಿದ್ದಳು. ಜೊತೆಗೆ ಆ ವಿಂಗಡಣೆಯಲ್ಲಿ ಒಂದು ಪತ್ರದ ಎರಡನೆಯ ಹಾಳೆಯೂ ಕಳೆದುಹೋಯಿತು. ಮಿಡಿ ಉಪ್ಪಿನಕಾಯಿ ಮಾಡುವ ಕ್ರಮ ಬರೆದ ಪತ್ರ ಅದು. ಮೊದಲ ಹಾಳೆ "ನೂರು ಮಿಡಿಗೆ ಉಪ್ಪು" ಅಂತ ಮುಗಿಯುತ್ತದೆ. ಎಷ್ಟು ಉಪ್ಪು ಅನ್ನೋದು ಮುಂದಿನ ಹಾಳೆಯಲ್ಲಿ.

ಎಲ್ಲಿಂದ ಬಂತು, ಯಾರ ಮನೆಯದು ಅನ್ನೋದು ದೊಡ್ಡ ಗ್ರಂಥಗಳ ವಿಷಯದಲ್ಲೂ ಕಳೆದುಹೋಗುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಅಲ್ಲಿಗೆ ಬಂದದ್ದು, ಆರ್. ಶಾಮಶಾಸ್ತ್ರಿಗಳು 1905ರ ಹೊತ್ತಿಗೆ ಅದನ್ನು ಗುರುತಿಸಿದ್ದು, 1909ರಲ್ಲಿ ಅಚ್ಚು ಹಾಕಿಸಿದ್ದು ಎಲ್ಲರಿಗೂ ಗೊತ್ತು. ಅದನ್ನು ತಂದುಕೊಟ್ಟವರು ಯಾರು? "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು." ಸಾಮಾನ್ಯವಾಗಿ ಅಷ್ಟೇ ಸಿಗೋದು. ಅಷ್ಟು ದೊಡ್ಡ ಗ್ರಂಥ ಕೊಟ್ಟವರ ಗತಿಯೇ ಹೀಗೆ, ನಮ್ಮ ನಿಮ್ಮ ಮನೆಯದು ಬಿಡಿ. ಅದಕ್ಕೇ ಒಂದು ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಿಡಿ: ಯಾವ ಊರು, ಯಾವ ಮನೆ, ಯಾರ ಟ್ರಂಕು, ಯಾವತ್ತು ತೆಗೆದದ್ದು, ಆಗ ಯಾರ್ಯಾರು ಇದ್ದರು.

ಹಿರಿಯರು ಇರುವಾಗಲೇ ಕೂರಿ

ಸ್ಕ್ಯಾನಿಂಗ್ ಮುಂದಿನ ವರ್ಷವೂ ಮಾಡಬಹುದು. ದೊಡ್ಡಮ್ಮನ ಹತ್ತಿರ ಕೇಳೋದು ಮುಂದಿನ ವರ್ಷ ಆಗದೇ ಇರಬಹುದು. ಆದ್ದರಿಂದ ಕ್ರಮ ಹಿಂದುಮುಂದಾದರೂ ಪರವಾಗಿಲ್ಲ, ಮೊದಲು ಫೋನಿನ ರೆಕಾರ್ಡರ್ ಹಚ್ಚಿಕೊಂಡು ಮನೆಯ ಹಿರಿಯರ ಜೊತೆ ಕೂರಿ.

ಪತ್ರಗಳಲ್ಲಿ ಪೂರ್ತಿ ಹೆಸರು ಇರುವುದೇ ಇಲ್ಲ. "ಚಿ॥ ಪುಟ್ಟ", "ಸೌ॥ ಅಕ್ಕಯ್ಯ", "ಮೇಲಿನ ಮನೆಯವರು", "ಶಿವಮೊಗ್ಗೆ ಭಾವ". ಒಂದೇ ಮನೆಯಲ್ಲಿ ಮೂರು ಜನ ಪುಟ್ಟ ಇರುತ್ತಾರೆ. ಯಾವ ಪುಟ್ಟ ಅಂತ ಹೇಳಬಲ್ಲವರು ಒಬ್ಬಿಬ್ಬರೇ. ಒಂದೊಂದೇ ಪತ್ರ ಓದಿ ಹೇಳಿ, ಸುಮ್ನೆ ಕೇಳಿಸಿಕೊಳ್ಳಿ. ಮಧ್ಯೆ ತಿದ್ದಲು ಹೋಗಬೇಡಿ. "ಅಜ್ಜಿ, ಅದು 1962 ಅಲ್ವಾ?" ಅಂದ ಕೂಡಲೇ ಅವರು "ಇರಬೇಕಪ್ಪ" ಅಂದುಬಿಡುತ್ತಾರೆ, ಅಲ್ಲಿಗೆ ನಿಮ್ಮ ಊಹೆಯೇ ಸಾಕ್ಷಿಯಾಯಿತು.

ಏನು ಇಲ್ಲ ಅನ್ನೋದನ್ನೂ ಕೇಳಿ. ನಾನೂರು ಪತ್ರಗಳಲ್ಲಿ ನಮಗೆ ಮದುವೆ, ಮುಂಜಿ, ಹೆರಿಗೆ, ಸಾಲ ಎಲ್ಲ ಸಿಕ್ಕಿತು, ಸಾವಿನ ಸುದ್ದಿ ಒಂದೂ ಸಿಗಲಿಲ್ಲ. ವಿಚಿತ್ರ ಅನ್ನಿಸಿತು. ಅತ್ತೆ ಹೇಳಿದರು, "ಅಂಥ ಕಾಗದ ಮನೆಯೊಳಗೆ ಇಡ್ತಿದ್ವಾ? ಓದಿದ ತಕ್ಷಣ ಹರಿದು ಹಾಕೋದು." ಹಾಗಾಗಿ ಒಂದು ಮನೆಯ ಪತ್ರಗಳನ್ನು ನೋಡಿ ಆ ವರ್ಷ ಯಾರೂ ಸಾಯಲಿಲ್ಲ ಅಂತ ತೀರ್ಮಾನಿಸಬೇಡಿ.

ಧೂಳು, ಹುಳ, ಬೂಷ್ಟು

ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಗ್ಲೌಸು ಹಾಕಿಕೊಂಡರೆ ಹಾಳೆ ಎತ್ತುವಾಗ ಬೆರಳಿಗೆ ಅಂದಾಜು ಸಿಗದೆ ಹರಿಯುವುದೇ ಜಾಸ್ತಿ, ಬರಿಗೈಯೇ ವಾಸಿ. ಫೋಟೋಗಳಿದ್ದರೆ ಮಾತ್ರ ಗ್ಲೌಸು. ಬೂಷ್ಟು ಕಂಡರೆ ಮುಖಕ್ಕೆ ಎನ್-95 ಮಾಸ್ಕು ಹಾಕಿಕೊಂಡು ಹೊರಗೆ, ಗಾಳಿಯಾಡುವ ನೆರಳಿನ ಜಾಗದಲ್ಲಿ ಕೂರಿ. ಮಕ್ಕಳು ಬಣ್ಣ ಹಚ್ಚುವ ಮೆತ್ತನೆಯ ಅಗಲ ಬ್ರಶ್ಶಿನಿಂದ ಒಂದೇ ದಿಕ್ಕಿಗೆ, ನಡುವಿನಿಂದ ಅಂಚಿನ ಕಡೆಗೆ ತಳ್ಳಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ.

ತಾಳೆಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಚಾಕು, ಅಡಿಕೋಲು ಏನೂ ತೂರಿಸಬೇಡಿ. ಬರಹ ಮೇಲ್ಪದರದಲ್ಲಿ ಕಂಠದಿಂದ, ಅಂದರೆ ಚೂಪು ಮೊನೆಯ ಲೇಖನಿಯಿಂದ, ಗೀರಿದ್ದು, ಪದರ ಎದ್ದರೆ ಬರಹವೂ ಹೋಗುತ್ತದೆ. ಗರಿಗಳ ತೂತಿನ ದಾರ ಗಟ್ಟಿಯಾಗಿದ್ದರೆ ಕತ್ತರಿಸಬೇಡಿ, ಕ್ರಮ ತಪ್ಪುತ್ತದೆ. ಓದಲು ಬರುವುದಿಲ್ಲ ಅಂತ ಮಸಿ ಬಳಿಯುವುದೂ ಬೇಡ. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವುದು, ಮಸಿ ತುಂಬುವುದು ಇವೆಲ್ಲ ತಜ್ಞರು ಮಾಡುತ್ತಾರೆ, ಆ ಗರಿಗೆ ಅದು ಬೇಕೋ ಬೇಡವೋ ಅಂತ ನೋಡಿ. ನೀವು ಮಾಡಬಹುದಾದದ್ದು ಒಂದೇ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ, ಗರಿಗೆ ಸಮನಾಗಿ ಹಿಡಿಯಿರಿ. ಗೀರುಗಳ ನೆರಳು ಬಿದ್ದು ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಅಂದಹಾಗೆ, ಇಷ್ಟು ವರ್ಷ ಏನೂ ಆಗದ ತಾಳೆಗರಿಗೆ ಈಗ ಯಾಕೆ ಹುಳ ಬಿತ್ತು ಅಂತ ತುಂಬ ಜನ ಕೇಳುತ್ತಾರೆ. ಮಲೆನಾಡಿನ ಹಳೆ ಮನೆಗಳಲ್ಲಿ ಅಡುಗೆಮನೆಯ ಅಟ್ಟದಲ್ಲಿ ಒಲೆಯ ಹೊಗೆ ದಿನಾ ಆಡುತ್ತಿತ್ತು. ಗ್ಯಾಸ್ ಬಂತು, ಹೊಗೆ ನಿಂತಿತು. ಹುಳಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಹಾಗಂತ ಈಗ ಹೊಗೆ ಹಾಕಲು ಹೋಗಬೇಡಿ. ನುಸಿಗುಳಿಗೆಯನ್ನೂ ಕಾಗದಕ್ಕೆ ತಾಗುವ ಹಾಗೆ ಇಡಬೇಡಿ. ಒಗೆದು ಗಂಜಿ ತೆಗೆದ ಬಿಳಿ ಕೋರಾ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗೋಡೆಗೆ ತಾಗದ, ನೆಲದಿಂದ ಎತ್ತರದ ಕಪಾಟಿನಲ್ಲಿಡಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಆಸಿಡ್ ಇಲ್ಲದ ಕಾಗದದ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮಾಮೂಲಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಒಳಗೆ ಬೆವರುತ್ತದೆ.

ತಾರೀಖು ಹಿಡಿಯುವ ಪತ್ತೇದಾರಿ

ಈ ಭಾಗ ನನಗೆ ತುಂಬ ಇಷ್ಟ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಹಳೆ ಪತ್ರಗಳಲ್ಲಿ ಇಸವಿ ಇರುವುದು ಕಡಿಮೆ. "ಪಾರ್ಥಿವ ಸಂ॥ ಆಶ್ವೀಜ ಶು ೧೦" ಅಂತ ಇರುತ್ತದೆ. ಸಂ॥ ಅಂದರೆ ಸಂವತ್ಸರ, ಶು ಅಂದರೆ ಶುಕ್ಲ ಪಕ್ಷ, ಬ ಅಂದರೆ ಬಹುಳ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಶುರುವಾದದ್ದು 1867, 1927, 1987ರ ಯುಗಾದಿಗಳಂದು. ಅಲ್ಲಿಂದ ಪಂಚಾಂಗದ ಪಟ್ಟಿ ಹಿಡಿದು ಎಣಿಸಿ. ಪಾರ್ಥಿವ ಹತ್ತೊಂಬತ್ತನೆಯದು, ಹಾಗಾಗಿ 1885, 1945 ಅಥವಾ 2005. ಪೋಸ್ಟ್ ಕಾರ್ಡಿನ ಮೇಲೆ ಆರನೆಯ ಜಾರ್ಜನ ತಲೆ ಇದ್ದರೆ, ಅವನು ಪಟ್ಟಕ್ಕೆ ಬಂದದ್ದೇ 1936ರಲ್ಲಿ, ಅಲ್ಲಿಗೆ 1945 ಅಂತ ಗಟ್ಟಿಯಾಯಿತು. ಆಶ್ವೀಜ ಶುದ್ಧ ದಶಮಿ ಅಂದರೆ ವಿಜಯದಶಮಿ. ಯುದ್ಧ ಮುಗಿದ ವರ್ಷದ ದಸರೆಯ ದಿನ ಯಾರೋ ಕೂತು ಬರೆದ ಕಾರ್ಡು ನಿಮ್ಮ ಕೈಯಲ್ಲಿದೆ. ಒಂದು ಎಚ್ಚರಿಕೆ: ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಪಾರ್ಥಿವದ ಮಾಘಮಾಸದ ಪತ್ರ 1946ರದ್ದು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಮಾಘದ ಆಸುಪಾಸಿನದಾದರೆ 79.

ಸಂವತ್ಸರವೂ ಇಲ್ಲವಾ? ಕಾಗದವೇ ಮಾತಾಡುತ್ತದೆ. ಭಾರತದಲ್ಲಿ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ, ಇನ್‌ಲ್ಯಾಂಡ್ ಲೆಟರ್ 1950ರಲ್ಲಿ. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ 1957ಕ್ಕೆ ಮೊದಲು, ನಯೇ ಪೈಸೆ ಅಂತ ಇದ್ದರೆ 1957ರಿಂದ ಈಚೆ. ಆದರೆ ಮಾತಿನಲ್ಲಿ, ಲೆಕ್ಕದಲ್ಲಿ ಆಣೆ ಆಮೇಲೂ ಎಷ್ಟೋ ವರ್ಷ ಉಳಿದಿತ್ತು, ಪತ್ರದೊಳಗಿನ ಆಣೆಯನ್ನು ನಂಬಬೇಡಿ, ಚೀಟಿಯ ಮೇಲಿನದನ್ನು ನಂಬಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ಸ್ಟೇಟ್" ಅಂತ ಬರೆದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ ಒಂದಕ್ಕೆ ಹಿಂದಿನದು. ಬಹುಮಟ್ಟಿಗೆ ಅಂದೆ, ಯಾಕೆಂದರೆ ನಮ್ಮ ದೊಡ್ಡಪ್ಪ 1980ರವರೆಗೂ ಹಾಗೇ ಬರೆಯುತ್ತಿದ್ದರು, ಹಟಕ್ಕೆ. ಅಂಚೆ ಮುದ್ರೆ ಅರ್ಧ ಅಳಿಸಿದ್ದರೂ ಭೂತಗನ್ನಡಿ ಹಿಡಿದು ನೋಡಿ, ಎರಡು ಅಂಕೆ ಸಿಕ್ಕರೂ ಸಾಕು.

ಸಂಬೋಧನೆಯೂ ಸುಳಿವು. "ತೀರ್ಥರೂಪ" ಅಂದರೆ ತಂದೆ ಅಥವಾ ತಂದೆ ಸಮಾನರಿಗೆ. "ಚಿ॥" ಕಿರಿಯರಿಗೆ, "ಚಿ॥ ಸೌ॥" ಮುತ್ತೈದೆಗೆ. "ಗಂ॥ ಭಾ॥" ಅಂದರೆ ಗಂಗಾ ಭಾಗೀರಥಿ, ವಿಧವೆಯರಿಗೆ ಬರೆಯುತ್ತಿದ್ದದ್ದು. ಒಬ್ಬಳೇ ಹೆಂಗಸಿಗೆ ಬಂದ ಪತ್ರಗಳಲ್ಲಿ ಸೌ॥ ಹೋಗಿ ಗಂ॥ ಭಾ॥ ಬಂದದ್ದು ಯಾವಾಗ ಅಂತ ನೋಡಿ. ಸಾವಿನ ಕಾಗದ ಹರಿದು ಹಾಕಿದ್ದರೂ ಗಂಡ ತೀರಿಕೊಂಡ ವರ್ಷ ಹೀಗೆ ಸಿಗುತ್ತದೆ. ಇಂಥ ಮಾತನ್ನು ಬರೆಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಆದರೂ ಪಟ್ಟಿಯಲ್ಲಿ ಬರೆದಿಡಿ.

ಕಂಡುಹಿಡಿದ ತಾರೀಖನ್ನು ಪತ್ರದ ಮೇಲೆ ಬರೆಯಬೇಡಿ. ಪಟ್ಟಿಯಲ್ಲಿ ಬರೆಯಿರಿ, ಪಕ್ಕದಲ್ಲಿ "ಊಹೆ" ಅಂತಲೂ, ಯಾಕೆ ಹಾಗೆ ಊಹಿಸಿದಿರಿ ಅಂತಲೂ ಬರೆಯಿರಿ.

ಓದಲು ಬರದಿದ್ದರೆ

ಕನ್ನಡವೇ ಇದ್ದರೂ ಓದಲು ಆಗುತ್ತಿಲ್ಲ ಅಂತ ಬೇಸರ ಪಡಬೇಡಿ. ಹಳೆಯ ಕೈಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಎ-ಏ, ಒ-ಓ ವ್ಯತ್ಯಾಸ ತೋರಿಸುವುದಿಲ್ಲ, ಮಹಾಪ್ರಾಣ ಬೇಕಾದಲ್ಲಿ ಇರುವುದಿಲ್ಲ. ಜೋರಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಮೊದಲು ಎಲ್ಲ ಪತ್ರದಲ್ಲೂ ಬರುವ ಸಾಲು ಹಿಡಿಯಿರಿ, "ಉಭಯ ಕುಶಲೋಪರಿ", "ಇಲ್ಲಿ ಎಲ್ಲರೂ ಕ್ಷೇಮ", "ಮಾಡುವ ಸಾಷ್ಟಾಂಗ ನಮಸ್ಕಾರಗಳು". ಅದರಿಂದ ಆ ಕೈಯ ಅಕ್ಷರಮಾಲೆ ಮಾಡಿಕೊಳ್ಳಿ, ಮುಂದಿನದು ಸಲೀಸು.

ಉತ್ತರ ಕರ್ನಾಟಕದ ಮನೆಗಳಲ್ಲಿ, ಮರಾಠರ ಆಡಳಿತ ಇದ್ದ ಕಡೆ, ತಲೆಯ ಮೇಲೆ ಗೆರೆ ಎಳೆದು ಅದಕ್ಕೆ ಅಕ್ಷರಗಳನ್ನು ಕೈ ಎತ್ತದೆ ತೂಗುಹಾಕಿದ ಹಾಗೆ ಇದ್ದರೆ ಅದು ಮೋಡಿ ಲಿಪಿ ಇರಬಹುದು. ಕರಾವಳಿ ಮತ್ತು ಮಲೆನಾಡಿನ ತಾಳೆಗರಿಗಳಲ್ಲಿ ನೋಡಲು ಮಲಯಾಳದ ಹಾಗಿರುವ ದುಂಡಗಿನ ಅಕ್ಷರ ಕಂಡರೆ ಅದು ಬಹುಶಃ ತಿಗಳಾರಿ. ಇದರಲ್ಲಿ ಹೆಚ್ಚಿನದು ಸಂಸ್ಕೃತ, ಕೆಲವು ತುಳು, ಕನ್ನಡ. 2024ರಲ್ಲಿ ತುಳು-ತಿಗಳಾರಿ ಯೂನಿಕೋಡ್‌ಗೂ ಸೇರಿತು. ಲಿಪಿ ಯಾವುದು ಅಂತ ತಿಳಿಯುವವರೆಗೆ "ಮಂತ್ರದ ಪುಸ್ತಕ", "ನಿಧಿಯ ನಕ್ಷೆ" ಅಂತ ಹೇಳುವ ನೆಂಟರನ್ನು ಸ್ವಲ್ಪ ದೂರ ಇಡಿ. ನಮ್ಮ ಮನೆಯ ನಿಧಿ ನಕ್ಷೆ ಕೊನೆಗೆ ಅಡಿಕೆ ಲೆಕ್ಕವಾಗಿತ್ತು.

ಫೋಟೋ, ಸ್ಕ್ಯಾನು, ಪಟ್ಟಿ

ಇದನ್ನು ಬೇಗ ಮುಗಿಸುತ್ತೇನೆ. ಚಪ್ಪಟೆ ಸ್ಕ್ಯಾನರ್ ಇದ್ದರೆ 400 ಡಿಪಿಐ, ಬಣ್ಣದಲ್ಲಿ. ಹಾಳೆ ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್ ಬೇಡವೇ ಬೇಡ. ಫೋನಾದರೆ ಕಿಟಕಿಯ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಮೇಲಿನಿಂದ ನೇರವಾಗಿ, ಪಕ್ಕದಲ್ಲೊಂದು ಅಡಿಕೋಲು ಇಟ್ಟು. ಎರಡೂ ಬದಿ, ಖಾಲಿ ಬದಿಯೂ, ಲಕೋಟೆಯೂ. ಕಪ್ಪುಬಿಳುಪು ಮಾಡುವ ಸ್ಕ್ಯಾನಿಂಗ್ ಆಪ್ ಬಳಸಬೇಡಿ, ಪೆನ್ಸಿಲ್ಲಿನ ಟಿಪ್ಪಣಿ ಮಾಯವಾಗುತ್ತದೆ. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ಕಳಿಸಿದ್ದು ಪ್ರತಿ ಅಲ್ಲ, ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಪ್ರತಿ ಪತ್ರಕ್ಕೂ ಒಂದು ಕ್ರಮಸಂಖ್ಯೆ ಕೊಡಿ. ಕಟ್ಟಿನ ಸಂಖ್ಯೆ ಮೊದಲು, ಪತ್ರದ್ದು ಆಮೇಲೆ. ಪಟ್ಟಿಯಲ್ಲಿ ಯಾರಿಂದ, ಯಾರಿಗೆ, ಎಲ್ಲಿಂದ, ಯಾವಾಗ, ಎಷ್ಟು ಹಾಳೆ, ಒಂದು ಸಾಲಿನ ವಿಷಯ. ಫೋಟೋ ಫೈಲಿಗೂ ಅದೇ ಸಂಖ್ಯೆ. ಈ ಪಟ್ಟಿ ಇದ್ದರೆ ಗ್ರಂಥಾಲಯದವರು ನಿಮ್ಮನ್ನು ಕುರ್ಚಿ ಕೊಟ್ಟು ಕೂರಿಸುತ್ತಾರೆ, ನಂಬಿ.

ಯಾರಿಗೆ ಕೊಡೋದು

ಎಲ್ಲವನ್ನೂ ಒಂದೇ ಕಡೆ ತಗೊಂಡು ಹೋಗಿ ಸುರಿಯುವ ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಲೆಕ್ಕದಲ್ಲಿ ಹಸ್ತಪ್ರತಿ ಅಂದರೆ ಕನಿಷ್ಠ 75 ವರ್ಷ ಹಳೆಯ, ಕೈಯಲ್ಲಿ ಬರೆದ, ಜ್ಞಾನದ ವಿಷಯ ಇರುವ ಗ್ರಂಥ. ಕಂದಾಯದ ದಾಖಲೆ, ಫರ್ಮಾನು ಇಂಥವು ಆ ಲೆಕ್ಕಕ್ಕೆ ಬರುವುದಿಲ್ಲ. 2025ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗೆ ಅಂತ ಜ್ಞಾನ ಭಾರತಂ ಯೋಜನೆ ಘೋಷಿಸಿದರು, ಅಲ್ಲಿಯೂ ಒತ್ತು ಗ್ರಂಥಗಳ ಮೇಲೇ. ಹಾಗಾಗಿ ವೈದ್ಯ, ಜ್ಯೋತಿಷ್ಯ, ಕಾವ್ಯ, ಯಕ್ಷಗಾನ ಪ್ರಸಂಗ ಇರುವ ತಾಳೆಗರಿ, ಕೋರಿ ಕಾಗದಗಳಿಗೆ (ಕೈಯಲ್ಲಿ ಮಾಡಿದ ಹಳೆ ಕಾಗದ) ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಧಾರವಾಡದ ಕನ್ನಡ ಅಧ್ಯಯನ ಪೀಠದಂಥ ಕಡೆ ಕೇಳಿ. ಮನೆಯ ಪತ್ರ, ಲೆಕ್ಕದ ಕಡತ, ದಸ್ತಾವೇಜುಗಳಿಗೆ ರಾಜ್ಯ ಪತ್ರಾಗಾರವನ್ನೋ ಊರಿನ ಸುತ್ತಲ ಚರಿತ್ರೆ ಬಲ್ಲ ಸಂಗ್ರಹಾಲಯವನ್ನೋ ಕೇಳಿ. ಸಾಗರದ ಕಡೆಯವರಿಗೆ ಕೆಳದಿಯ ವಸ್ತು ಸಂಗ್ರಹಾಲಯ ಇದೆ, ಈಗ ಕುವೆಂಪು ವಿಶ್ವವಿದ್ಯಾಲಯದ ಅಡಿಯಲ್ಲಿ.

"ಬರೀ ಮನೆ ಪತ್ರ, ಯಾರಿಗೆ ಬೇಕು?" ಅನ್ನಬೇಡಿ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದ್ದು, ಆಮೇಲೆ ಟಿಪ್ಪು ಸುಲ್ತಾನ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಕಳಿಸಿದ್ದು, ಮೂರ್ತಿಯ ಪುನಃ ಪ್ರತಿಷ್ಠೆಗೆ ನೆರವು ಕೊಟ್ಟದ್ದು ನಮಗೆ ಗೊತ್ತಾದದ್ದು ಹೇಗೆ? ಮಠದವರು ಆ ಪತ್ರಗಳ ಕಟ್ಟನ್ನು ಹಾಗೇ ಇಟ್ಟುಕೊಂಡಿದ್ದರು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅದನ್ನು ನೋಡಿದರು. ಇಂದಿಗೂ ಜನ ಟಿಪ್ಪುವಿನ ಬಗ್ಗೆ ಜಗಳ ಆಡುವಾಗ ಎರಡೂ ಕಡೆಯವರು ಆ ಕಟ್ಟನ್ನು ಎದುರಿಸಲೇಬೇಕು. ನಿಮ್ಮಜ್ಜಿಯ ಪತ್ರದಲ್ಲಿ ಸುಲ್ತಾನರು ಇರುವುದಿಲ್ಲ ನಿಜ, ಆದರೆ ಆ ವರ್ಷ ಅಕ್ಕಿ ಸೇರಿಗೆ ಎಷ್ಟಿತ್ತು, ಪ್ಲೇಗಿಗೆ ಹೆದರಿ ಊರವರು ಎಲ್ಲಿ ಗುಡಿಸಲು ಹಾಕಿಕೊಂಡರು, ಹುಡುಗಿಯನ್ನು ಸ್ಕೂಲು ಬಿಡಿಸಿದ್ದು ಯಾಕೆ ಅನ್ನೋದು ಇರುತ್ತದೆ. ಅದು ಸರ್ಕಾರಿ ಫೈಲಿನಲ್ಲಿ ಸಿಗುವುದಿಲ್ಲ.

ಕೊಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ, ಮಳೆಗಾಲದಲ್ಲೇ ಹೋಗಿ. ಮಾಡು ಸೋರುತ್ತದಾ? ಹಳೆ ಸಂಗ್ರಹದ ಸೂಚಿ ಇದೆಯಾ, ಓದುಗರು ಕೇಳಿದರೆ ತೆಗೆದುಕೊಡುತ್ತಾರಾ? ನಮ್ಮ ಪತ್ರಗಳನ್ನು ಒಂದೇ ಸಂಗ್ರಹವಾಗಿ, ಒಂದೇ ಹೆಸರಿನಲ್ಲಿ ಇಡುತ್ತಾರಾ, ಇಲ್ಲ ಅಲ್ಲೊಂದು ಇಲ್ಲೊಂದು ಹಂಚುತ್ತಾರಾ? ಸ್ಕ್ಯಾನ್ ಪ್ರತಿ ನಮಗೆ ಸಿಗುತ್ತದಾ? ಇದನ್ನೆಲ್ಲ ಕೇಳಲು ನಾಚಿಕೆ ಬೇಡ, ಮಗಳನ್ನು ಕೊಡುವಾಗ ಕೇಳುವುದಿಲ್ಲವೇ?

ಏನೇ ಕೊಟ್ಟರೂ ಬರಹದಲ್ಲಿ ಕೊಡಿ. ದಾನವೋ ಎರವಲೋ ಸ್ಪಷ್ಟವಾಗಿರಲಿ. ನಿಮ್ಮ ಪಟ್ಟಿಯನ್ನೇ ಲಗತ್ತಿಸಿ, ಪ್ರತಿ ಪುಟಕ್ಕೂ ಅವರ ಸಹಿ, ಸೀಲು ಹಾಕಿಸಿ. ನಮ್ಮ ಮಾವನವರು ಮೂವತ್ತು ವರ್ಷದ ಹಿಂದೆ ಒಂದು ಕಟ್ಟು ತಾಳೆಗರಿಯನ್ನು ಒಂದು ಸಂಸ್ಥೆಗೆ ಹಾಗೇ ಕೈಯಲ್ಲಿ ಕೊಟ್ಟು, ಕಾಫಿ ಕುಡಿದು ಬಂದರು. ಈಗ ಹೋಗಿ ಕೇಳಿದರೆ ಬಂದ ದಾಖಲೆಯೇ ಇಲ್ಲ. ಯಾರನ್ನು ದೂರೋಣ, ರಸೀದಿ ನಮ್ಮ ಹತ್ತಿರವೂ ಇಲ್ಲ.

ಜಮೀನಿಗೆ ಸಂಬಂಧಿಸಿದ ಕ್ರಯಪತ್ರ, ವಿಭಾಗಪತ್ರಗಳ ಮೂಲವನ್ನು ವಕೀಲರನ್ನು ಕೇಳದೆ ಕೊಡಬೇಡಿ, ಸ್ಕ್ಯಾನ್ ಕೊಡಿ. ಇನ್ನೂ ಬದುಕಿರುವವರ ಕಾಯಿಲೆ, ಮದುವೆ ಮುರಿದದ್ದು, ದತ್ತು, ಇಂಥ ವಿಷಯ ಇರುವ ಪತ್ರಗಳನ್ನು ಬೇರೆ ಲಕೋಟೆಯಲ್ಲಿಟ್ಟು "ಇಂಥ ವರ್ಷದವರೆಗೆ ತೆರೆಯಬಾರದು" ಅಂತ ಷರತ್ತು ಹಾಕಬಹುದು. ಸುಡುವುದಕ್ಕಿಂತ ಅದು ಮೇಲು. ಕಾನೂನಿನ ಒಂದು ಸಣ್ಣ ಗಂಟೂ ಇದೆ. ಪತ್ರದ ಕಾಗದ ಬಂದವರದ್ದು, ಅದರ ಮಾತಿನ ಹಕ್ಕು ಬರೆದವರದ್ದು. ಆದ್ದರಿಂದ ಅಚ್ಚು ಹಾಕಿಸುವುದಾದರೆ ಬರೆದವರ ಮಕ್ಕಳನ್ನು ಒಂದು ಮಾತು ಕೇಳಿ.

ವಿದೇಶದಲ್ಲಿರುವ ಅಣ್ಣ "ನಾನು ತಗೊಂಡು ಹೋಗ್ತೀನಿ, ಇಲ್ಲಿ ಚೆನ್ನಾಗಿ ಇಡ್ತೀನಿ" ಅಂದರೆ ತಡೆಯಿರಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅವರಿಗೆ ಸ್ಕ್ಯಾನ್ ಕಳಿಸಿ, ಖರ್ಚು ಅವರ ಹತ್ತಿರ ಹಾಕಿಸಿ.

ಕೊಟ್ಟ ಮೇಲೆ ನೋಡಲು ಹೋಗುವುದು

ಗುರುತಿನ ಚೀಟಿ, ಸಾಧ್ಯವಾದರೆ ಒಂದು ಪರಿಚಯ ಪತ್ರ ಇಟ್ಟುಕೊಳ್ಳಿ. ಮೊದಲೇ ಫೋನ್ ಮಾಡಿ, ನೋಡಬೇಕಾದ ಸಂಖ್ಯೆ ಹೇಳಿ. ಪೆನ್ನು ಹೊರಗಿಡಿ, ಪೆನ್ಸಿಲ್ ತಗೊಂಡು ಹೋಗಿ. ನೀರಿನ ಬಾಟಲಿ, ತಿಂಡಿ ಚೀಲ ಕೂಡ ಹೊರಗೇ. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುಗಿಸುವ ಅಭ್ಯಾಸ ಇದ್ದರೆ ಆ ದಿನಕ್ಕಾದರೂ ಬಿಡಿ. ಫೋಟೋ ತೆಗೆಯಬಹುದಾ ಅಂತ ಕೇಳಿ, ಕೆಲವು ಕಡೆ ಅರ್ಜಿ, ಶುಲ್ಕ ಇರುತ್ತದೆ. ಬರೆದುಕೊಳ್ಳುವಾಗ ತಿದ್ದಬೇಡಿ, ಅವರು ತಪ್ಪು ಬರೆದಿದ್ದರೆ ತಪ್ಪೇ ಬರೆದುಕೊಳ್ಳಿ.

ಹೋದ ವರ್ಷ ಅಲ್ಲಿಂದ ನನಗೆ ಒಂದು ಕರೆ ಬಂತು. ನಮ್ಮ ಪತ್ರಗಳಿಗೆ ಸಂಖ್ಯೆ ಹಾಕುತ್ತಿದ್ದಾಗ ಇನ್ಯಾರದೋ ಪತ್ರದ ಬೆನ್ನಿಗೆ ಒಂದು ಹಾಳೆ ಅಂಟಿಕೊಂಡಿತ್ತಂತೆ, ಬೇರೆ ಕೈಬರಹ, ಮೊದಲೂ ಇಲ್ಲ ಕೊನೆಯೂ ಇಲ್ಲ, ನಿಮಗೇನಾದರೂ ಗೊತ್ತಾ ಅಂತ. ಮಾರನೆಯ ದಿನವೇ ಬಸ್ಸು ಹತ್ತಿದೆ. ಅರ್ಜಿಯಲ್ಲಿ "ಉದ್ದೇಶ" ಅಂತ ಒಂದು ಕಾಲಂ ಇತ್ತು. ಸ್ವಲ್ಪ ಯೋಚಿಸಿ "ಉಪ್ಪಿನಕಾಯಿ" ಅಂತ ಬರೆದೆ. ಅಲ್ಲಿನ ಮೇಡಂ ನನ್ನ ಮುಖ ಒಮ್ಮೆ, ಅರ್ಜಿ ಒಮ್ಮೆ ನೋಡಿ, ಏನೂ ಹೇಳದೆ ಸೀಲು ಹೊಡೆದರು.